ಹಳೆಯ ಟ್ರಾನ್ಸ್‌ಮಿಟರ್ ಗುಜರಿಗೆ ಹೋಗುವ ಮುನ್ನ

ಕರಾವಳಿಯಲ್ಲಿ ಮಳೆ ಬಿಟ್ಟು, ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುವ ಮುಂಚಿನ ದಿನಗಳಲ್ಲಿ ಮೈಕ್‌ನವರ ಶೆಡ್ಡು, ಕಾಲೇಜಿನ ಹಿಂಬದಿಯ ಕೋಣೆ, ಬೋಟಿನ ಮಾಲಕರ ಮನೆಯ ಅಟ್ಟ ಎಲ್ಲವೂ ವರ್ಷಕ್ಕೊಮ್ಮೆ ಖಾಲಿಯಾಗುತ್ತವೆ. ಆಗ ಹೊರಬೀಳುವ ರಾಶಿಯಲ್ಲಿ ತುಕ್ಕು ಹಿಡಿದ ಸ್ಪೀಕರ್ ಪೆಟ್ಟಿಗೆಗಳ ಜೊತೆಗೆ ಹಳೆಯ ವಯರ್‌ಲೆಸ್ ಮೈಕ್, ವಾಕಿ-ಟಾಕಿ, ಬೋಟಿನಿಂದ ಮಾತಾಡುವ ವಿಎಚ್‌ಎಫ್ ರೇಡಿಯೊ ಸೆಟ್ಟು, ಕೆಲವೊಮ್ಮೆ ಒಂದು ಎಫ್‌ಎಂ ಟ್ರಾನ್ಸ್‌ಮಿಟರ್ ಕೂಡ ಇರುತ್ತದೆ. ಗುಜರಿಯವನ ಟೆಂಪೊ ಬಾಗಿಲಿಗೆ ಬಂದು ನಿಂತಿರುವಾಗ ಎಲ್ಲವನ್ನೂ ಒಟ್ಟಿಗೆ ತೂಕಕ್ಕೆ ಹಾಕಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಗಾಳಿಗೆ ಅಲೆ ಬಿಡಬಲ್ಲ ಯಂತ್ರ ಹಳತಾದ ಮಾತ್ರಕ್ಕೆ ಕಾನೂನಿನ ಕಣ್ಣಿನಲ್ಲಿ ಗುಜರಿಯಾಗುವುದಿಲ್ಲ. ಅದರ ಕಾಗದಪತ್ರ ಮೊದಲು ಹೊರಡಬೇಕು, ಪೆಟ್ಟಿಗೆ ಆಮೇಲೆ. ಪ್ರಸಾರ ಯಂತ್ರಗಳ ದುರಸ್ತಿಯಲ್ಲೇ ಬಹುಕಾಲ ಕಳೆದವನಾದ ನಾನು ಈ ಕ್ರಮ ತಲೆಕೆಳಗಾದಾಗ ಆದ ತೊಂದರೆಗಳನ್ನು ಸಾಕಷ್ಟು ನೋಡಿರುವುದರಿಂದ, ಮಂಗಳೂರು ಮತ್ತು ಉಡುಪಿಯ ಆಸುಪಾಸಿನಲ್ಲಿ ಇಂಥ ಉಪಕರಣಗಳನ್ನು ಇಟ್ಟುಕೊಂಡಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಮೂರು ರಾಶಿ ಮಾಡುವುದು

ಕೋಣೆಯಲ್ಲಿರುವುದನ್ನೆಲ್ಲ ನೆಲದ ಮೇಲೆ ಹರಡಿ, ಕೇಳುವ ಯಂತ್ರ, ಮಾತಾಡುವ ಯಂತ್ರ, ಎರಡೂ ಅಲ್ಲದ್ದು ಎಂದು ಮೂರು ರಾಶಿ ಮಾಡಬೇಕು.

ಕೇಳುವ ಯಂತ್ರಗಳ ವಿಷಯ ಸರಳ. ಅಜ್ಜನ ಕಾಲದ ವಾಲ್ವ್ ರೇಡಿಯೊ, ಟ್ರಾನ್ಸಿಸ್ಟರ್, ದೂರದರ್ಶನದ ಹಳೆಯ ಪೆಟ್ಟಿಗೆ, ಅಂಗಳದ ದೊಡ್ಡ ಡಿಶ್ ಆಂಟೆನಾ ಇವೆಲ್ಲ ಅಲೆಯನ್ನು ಹಿಡಿಯುತ್ತವೆ, ಬಿಡುವುದಿಲ್ಲ. ಒಂದು ಕಾಲದಲ್ಲಿ ಮನೆಯ ರೇಡಿಯೊಕ್ಕೂ ಅಂಚೆ ಕಚೇರಿಯಲ್ಲಿ ಲೈಸನ್ಸ್ ಪುಸ್ತಕ ಮಾಡಿಸಿ, ವರ್ಷವರ್ಷವೂ ಹಣ ಕಟ್ಟಿ ಅಂಚೆಚೀಟಿ ಅಂಟಿಸಿಕೊಳ್ಳಬೇಕಿತ್ತು. ಆ ಪದ್ಧತಿ 1980ರ ದಶಕದಲ್ಲಿ ರದ್ದಾಯಿತು. ಆದ್ದರಿಂದ ಹಳೆಯ ರೇಡಿಯೊವನ್ನು ಯಾರಿಗೂ ಮಾರಬಹುದು. ಆ ಲೈಸನ್ಸ್ ಪುಸ್ತಕ ಸಿಕ್ಕಿದರೆ ಮಾತ್ರ ರೇಡಿಯೊದ ಜೊತೆಗೇ ಇಡಿ, ಹಳೆಯ ವಸ್ತು ಸಂಗ್ರಹಿಸುವವರು ಪೆಟ್ಟಿಗೆಗಿಂತ ಪುಸ್ತಕಕ್ಕೇ ಹೆಚ್ಚು ಬೆಲೆ ಕೊಡುವುದುಂಟು.

ಮಾತಾಡುವ ಯಂತ್ರಗಳನ್ನು ಗುರುತಿಸುವಲ್ಲಿ ಜನ ಎಡವುತ್ತಾರೆ. ಎತ್ತರದ ಕಬ್ಬಿಣದ ಕಪಾಟಿನಂತಿರುವ ಟ್ರಾನ್ಸ್‌ಮಿಟರ್ ಯಾರಿಗೂ ಗೊತ್ತಾಗುತ್ತದೆ. ಆದರೆ ಅದರ ನಿಜವಾದ ಜೀವ ಎಕ್ಸೈಟರ್ ಎಂಬ, ಹಳೆಯ ವಿಸಿಆರ್‌ನಷ್ಟೇ ಗಾತ್ರದ ಸಣ್ಣ ಪೆಟ್ಟಿಗೆಯಲ್ಲಿದೆ. ಕಪಾಟು ಬರೀ ಶಕ್ತಿ ಹೆಚ್ಚಿಸುತ್ತದೆ, ಅಲೆ ಹುಟ್ಟುವುದು ಎಕ್ಸೈಟರ್‌ನಲ್ಲಿ. ಕಪಾಟನ್ನು ಕ್ರಮಬದ್ಧವಾಗಿ ವಿಲೇವಾರಿ ಮಾಡಿ ಎಕ್ಸೈಟರನ್ನು ಮೇಜಿನ ಡ್ರಾವರಿನಲ್ಲಿ ಮರೆತವರನ್ನು ನೋಡಿದ್ದೇನೆ. ಸ್ಟುಡಿಯೊದಿಂದ ಗುಡ್ಡದ ಮೇಲಿನ ಟವರಿಗೆ ಧ್ವನಿ ಸಾಗಿಸುವ ಲಿಂಕ್ ಸೆಟ್ಟು, ವಾಕಿ-ಟಾಕಿ, ಬೋಟಿನ ವಿಎಚ್‌ಎಫ್, ಹವ್ಯಾಸಿಗಳು ಪರಸ್ಪರ ಮಾತಾಡಲು ಬಳಸುವ ಹ್ಯಾಮ್ ರೇಡಿಯೊ, ಕೈಯಲ್ಲಿ ಹಿಡಿಯುವ ವಯರ್‌ಲೆಸ್ ಮೈಕ್ ಇವೆಲ್ಲವೂ ಈ ರಾಶಿಗೇ ಸೇರಬೇಕು.

ಮಿಕ್ಸರ್, ಆಂಪ್ಲಿಫೈಯರ್, ಸ್ಪೂಲ್ ಟೇಪ್ ರೆಕಾರ್ಡರ್, ಕೇಬಲ್ ಟಿವಿಯ ಹಳೆಯ ಮಾಡ್ಯುಲೇಟರ್ ಮೊದಲಾದವು ಮೂರನೆಯ ರಾಶಿ. ಅವಕ್ಕೆ ಇ-ತ್ಯಾಜ್ಯದ ನಿಯಮ ಅನ್ವಯವಾಗುತ್ತದೆ, ವಯರ್‌ಲೆಸ್ ಪರವಾನಗಿಯ ಪ್ರಶ್ನೆ ಬರುವುದಿಲ್ಲ. ಇಲ್ಲಿ ನನ್ನದೊಂದು ವಿನಂತಿಯಿದೆ. ಸ್ಪೂಲ್ ರೆಕಾರ್ಡರ್ ಕೊಡುವ ಮುನ್ನ ಮನೆಯಲ್ಲಾಗಲಿ ಸಂಸ್ಥೆಯಲ್ಲಾಗಲಿ ಸ್ಪೂಲುಗಳು ಉಳಿದಿವೆಯೇ ನೋಡಿ. ಹಳೆಯ ತಾಳಮದ್ದಳೆ, ಪಾಡ್ದನ, ಕೊಂಕಣಿ ನಾಟಕಗಳ ಧ್ವನಿಮುದ್ರಣ ಇದ್ದರೂ ಇರಬಹುದು. ನಡೆಯುವ ಯಂತ್ರ ಹೊರಟುಹೋದ ಮೇಲೆ ಸ್ಪೂಲು ಬರೀ ಕಂದು ಬಣ್ಣದ ಪಟ್ಟಿ.

ರಾಶಿ ಮಾಡಿದ ಮೇಲೆ ಪಟ್ಟಿ ಬರೆಯಬೇಕು. ತಯಾರಕರ ಹೆಸರು, ಮಾದರಿ, ಕ್ರಮಸಂಖ್ಯೆ, ಆವರ್ತನ ವ್ಯಾಪ್ತಿ, ಶಕ್ತಿ ಎಷ್ಟು ವ್ಯಾಟ್, ನಡೆಯುತ್ತದೆಯೋ ಇಲ್ಲವೋ ಎಂಬಷ್ಟು ವಿವರ ಸಾಕು. ನಮ್ಮ ಕಡಲ ಗಾಳಿಗೆ ಅಲ್ಯೂಮಿನಿಯಂ ಫಲಕಗಳ ಅಕ್ಷರ ಸವೆದು ಹೋಗಿರುತ್ತದೆ. ಅಂಥಲ್ಲಿ ಫಲಕದ ಮೇಲೆ ತೆಳುವಾದ ಕಾಗದವಿಟ್ಟು ಪೆನ್ಸಿಲ್ ಅಡ್ಡ ಹಿಡಿದು ಮೆಲ್ಲಗೆ ಉಜ್ಜಿದರೆ ಸಂಖ್ಯೆ ಮೂಡುತ್ತದೆ. ಆ ಕಾಗದವನ್ನೇ ಪಟ್ಟಿಗೆ ಲಗತ್ತಿಸಿ, ಪ್ರತಿಯೊಂದು ಸೆಟ್ಟಿನ ಮುಂಭಾಗ ಹಿಂಭಾಗಗಳ ಫೋಟೊ ತೆಗೆದಿಡಿ.

ಎರಡನೆಯ ಹೆಜ್ಜೆ: ಪರವಾನಗಿ ಯಾರ ಹೆಸರಲ್ಲಿದೆ ಎಂದು ನೋಡುವುದು

ನಮ್ಮ ದೇಶದಲ್ಲಿ ಟ್ರಾನ್ಸ್‌ಮಿಟರನ್ನು ನಡೆಸುವುದಕ್ಕೆ ಮಾತ್ರವಲ್ಲ, ಸುಮ್ಮನೆ ಇಟ್ಟುಕೊಳ್ಳುವುದಕ್ಕೂ ಅನುಮತಿ ಬೇಕು. 1885ರ ಟೆಲಿಗ್ರಾಫ್ ಕಾಯ್ದೆ ಪ್ರಸಾರ ನಡೆಸುವುದನ್ನು ಸರಕಾರದ ಹಿಡಿತದಲ್ಲಿಟ್ಟಿತು. 1933ರ ವಯರ್‌ಲೆಸ್ ಟೆಲಿಗ್ರಫಿ ಕಾಯ್ದೆ ಪರವಾನಗಿಯಿಲ್ಲದೆ ಯಂತ್ರವನ್ನು ಹೊಂದಿರುವುದನ್ನೇ ಅಪರಾಧವೆಂದಿತು. ಹೊಂದುವ ಪರವಾನಗಿಯ ವಿವರಗಳು 1965ರ ನಿಯಮಗಳಲ್ಲಿ ಬಂದವು. ಈ ಎರಡೂ ಕಾಯ್ದೆಗಳ ಜಾಗಕ್ಕೆ 2023ರ ದೂರಸಂಪರ್ಕ ಕಾಯ್ದೆಯನ್ನು ತರಲಾಗಿದ್ದು, ಅದರ ಕಲಮುಗಳು 2024ರ ಜೂನ್ 26ರಿಂದ ಹಂತ ಹಂತವಾಗಿ ಜಾರಿಗೆ ಬರತೊಡಗಿವೆ. ಹೊಸ ಕಾಯ್ದೆಯೂ ರೇಡಿಯೊ ಉಪಕರಣ ಹೊಂದಲು ಅನುಮತಿ ಬೇಕೆಂಬ ತತ್ತ್ವವನ್ನು ಉಳಿಸಿಕೊಂಡಿದೆ. ಆದುದರಿಂದ ಹಳೆಯ ಕಾಯ್ದೆ ಹೋಯಿತು, ಇನ್ನು ಕೇಳುವವರಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬಾರದು.

ವ್ಯವಹಾರದಲ್ಲಿ ಎರಡು ಹೆಸರು ಕೇಳಿಬರುತ್ತವೆ. ಮಾರುವವರು ಪಡೆಯುವುದು ಡಿಪಿಎಲ್, ಅಂದರೆ ಡೀಲರ್ ಪರವಾನಗಿ. ಮಾರಾಟದ ಉದ್ದೇಶವಿಲ್ಲದೆ ಯಂತ್ರ ಇಟ್ಟುಕೊಳ್ಳುವವರು ಪಡೆಯುವುದು ಎನ್‌ಡಿಪಿಎಲ್. ಇವನ್ನು ಕೊಡುವುದು ದೂರಸಂಪರ್ಕ ಇಲಾಖೆಯ ಅಡಿಯಲ್ಲಿರುವ, 1952ರಲ್ಲಿ ಸ್ಥಾಪನೆಯಾದ, ಆವರ್ತನಗಳನ್ನು ಹಂಚುವ ಡಬ್ಲ್ಯುಪಿಸಿ ವಿಭಾಗ. ಕರ್ನಾಟಕದವರು ವ್ಯವಹರಿಸಬೇಕಾದ ಪ್ರಾದೇಶಿಕ ಪರವಾನಗಿ ಕಚೇರಿ ಚೆನ್ನೈಯಲ್ಲಿದೆ. ಅರ್ಜಿಗಳು ಈಗ ಸರಳ ಸಂಚಾರ್ ಎಂಬ ಪೋರ್ಟಲಿನಲ್ಲಿ ಹೋಗುವುದರಿಂದ ಅಷ್ಟು ದೂರ ಓಡಾಡಬೇಕಾಗಿಲ್ಲ. ನಿಮ್ಮ ಪ್ರಕರಣಕ್ಕೆ ಈ ಹೊತ್ತಿಗೆ ಯಾವ ನಮೂನೆ ಅನ್ವಯಿಸುತ್ತದೆ ಎಂಬುದನ್ನು ಅರ್ಜಿ ಹಾಕುವ ದಿನವೇ ಆ ಪೋರ್ಟಲಿನಲ್ಲಿ ನೋಡಿಕೊಳ್ಳಿ, ಪರಿಚಿತರು ಕೊಟ್ಟ ಹಳೆಯ ನಮೂನೆಯನ್ನು ತುಂಬಿಸಬೇಡಿ.

ಸಮುದಾಯ ಬಾನುಲಿ ನಡೆಸಿದ ಸಂಸ್ಥೆಗಳ ಸ್ಥಿತಿ ಸ್ವಲ್ಪ ಬೇರೆ. ಮಂಗಳೂರಿನ ರೇಡಿಯೊ ಸಾರಂಗ್, ಮಣಿಪಾಲದ ಕಾಲೇಜು ಬಾನುಲಿಯಂಥ ಕೇಂದ್ರಗಳಿಗೆ ಪ್ರಸಾರದ ಅನುಮತಿ ಬರುವುದು ವಾರ್ತಾ ಮತ್ತು ಪ್ರಸಾರ ಸಚಿವಾಲಯದಿಂದ, ಆವರ್ತನ ಸಿಗುವುದು ಡಬ್ಲ್ಯುಪಿಸಿಯಿಂದ. ಇಂಥ ಕೇಂದ್ರ ತನ್ನ ಟ್ರಾನ್ಸ್‌ಮಿಟರನ್ನು ಬದಲಿಸಿ ಹಳೆಯದನ್ನು ಹೊರಹಾಕುವಾಗ ಎರಡೂ ಕಡೆಗೆ ಬರೆದು ತಿಳಿಸಬೇಕು. ಕೇಂದ್ರವನ್ನೇ ಮುಚ್ಚುವುದಾದರೆ ಆವರ್ತನವನ್ನು ಲಿಖಿತವಾಗಿ ಹಿಂದಿರುಗಿಸಬೇಕು. ನಾನು ಬಲ್ಲ ಒಂದು ಸಂಸ್ಥೆಯವರು ತಮ್ಮ ಲಿಂಕ್ ಸೆಟ್ಟನ್ನು ಬಿಚ್ಚಿ ಮೂಲೆಗಿಟ್ಟು, ಬಳಸದಿದ್ದ ಮೇಲೆ ಶುಲ್ಕವೇನು ಎಂದುಕೊಂಡು ಸುಮ್ಮನಾದರು. ಕೆಲವು ವರ್ಷಗಳ ನಂತರ ತಡಪಾವತಿಯ ದಂಡ ಸಮೇತ ಬೇಡಿಕೆ ಪತ್ರ ಬಂದಾಗ, ಯಂತ್ರ ಕೆಟ್ಟಿತ್ತು ಎಂಬುದಕ್ಕೆ ಅವರ ಬಳಿ ಒಂದು ಸಾಲಿನ ದಾಖಲೆಯೂ ಇರಲಿಲ್ಲ. ಪರವಾನಗಿ ಕಾಗದದಲ್ಲಿ ಜೀವಂತವಿರುವವರೆಗೆ ಶುಲ್ಕದ ಲೆಕ್ಕವೂ ನಡೆಯುತ್ತಲೇ ಇರುತ್ತದೆ.

ಕಾಗದವೇ ಸಿಗದಿದ್ದರೆ? ತಂದೆ ತೀರಿಕೊಂಡಿದ್ದಾರೆ, ಅವರ ಹ್ಯಾಮ್ ಸೆಟ್ಟು ಮಾತ್ರ ಉಳಿದಿದೆ, ಪರವಾನಗಿ ಎಲ್ಲಿದೆಯೋ ಗೊತ್ತಿಲ್ಲ ಎಂದು ಕೇಳಿಕೊಂಡು ಬರುವ ಮನೆಯವರು ಹಲವರು. ಪರವಾನಗಿ ವ್ಯಕ್ತಿಗೆ ಸೇರಿದ್ದು, ಆಸ್ತಿಯ ಹಾಗೆ ಮಕ್ಕಳಿಗೆ ಬರುವುದಿಲ್ಲ. ತಂದೆಯವರ ಕರೆಸಂಕೇತ, ಸಾಮಾನ್ಯವಾಗಿ ವಿಯು2 ಎಂದು ಆರಂಭವಾಗುವಂಥದ್ದು, ಅವರು ಇತರ ಹ್ಯಾಮ್‌ಗಳಿಗೆ ಸಂಪರ್ಕದ ಗುರುತಾಗಿ ಕಳಿಸುತ್ತಿದ್ದ ಹಳೆಯ ಕ್ಯುಎಸ್‌ಎಲ್ ಕಾರ್ಡುಗಳ ಮೇಲೆ ದೊಡ್ಡ ಅಕ್ಷರದಲ್ಲಿ ಮುದ್ರಿತವಾಗಿರುತ್ತದೆ. ಅದನ್ನು ಬರೆದುಕೊಂಡು, ಮರಣ ಪ್ರಮಾಣಪತ್ರದ ಪ್ರತಿಯೊಂದಿಗೆ ಪರವಾನಗಿ ಕಚೇರಿಗೆ ತಿಳಿಸಿ, ಪರವಾನಗಿಯುಳ್ಳ ಇನ್ನೊಬ್ಬ ಹ್ಯಾಮ್‌ಗೆ ಸೆಟ್ಟನ್ನು ಒಪ್ಪಿಸುವುದು ಸರಿಯಾದ ದಾರಿ. ಆ ಕಾರ್ಡುಗಳನ್ನು ದಯವಿಟ್ಟು ಎಸೆಯಬೇಡಿ.

ಮೂರನೆಯ ಹೆಜ್ಜೆ: ಮೌನಗೊಳಿಸುವುದು ಮತ್ತು ಅಪಾಯ ಕಳೆಯುವುದು

ಆಂಟೆನಾ ಬಿಚ್ಚಿದ ಟ್ರಾನ್ಸ್‌ಮಿಟರಿಗೆ ಕರೆಂಟು ಕೊಟ್ಟು ಪರೀಕ್ಷಿಸುವ ಆಸೆ ಬಹಳ ಜನರಿಗೆ ಬರುತ್ತದೆ. ಹಾಗೆ ಮಾಡಿದರೆ ಶಕ್ತಿ ಹೋಗಲು ದಾರಿಯಿಲ್ಲದೆ ಕೊನೆಯ ಹಂತದ ಭಾಗಗಳು ಸುಡುತ್ತವೆ, ಆಂಟೆನಾ ಇಟ್ಟುಕೊಂಡೇ ಪರೀಕ್ಷಿಸಿದರೆ ಅನುಮತಿಯಿಲ್ಲದ ಪ್ರಸಾರವಾಗುತ್ತದೆ. ಪರೀಕ್ಷೆ ಅನಿವಾರ್ಯವಾದರೆ ಆಂಟೆನಾದ ಬದಲು ಶಕ್ತಿಯನ್ನು ಹೀರಿಕೊಳ್ಳುವ ಡಮ್ಮಿ ಲೋಡ್ ಇರುವ ತಂತ್ರಜ್ಞರ ಕೈಯಿಂದಲೇ ಆಗಬೇಕು. ಗಾಳಿಯಲ್ಲಿ ಏನು ಹರಿಯುತ್ತಿದೆ ಎಂದು ಆಲಿಸುವ ವಯರ್‌ಲೆಸ್ ಮಾನಿಟರಿಂಗ್ ಕೇಂದ್ರ ಮಂಗಳೂರಿನಲ್ಲೇ ಇದೆ ಎಂಬುದೂ ನೆನಪಿರಲಿ.

ದೊಡ್ಡ ಯಂತ್ರಗಳಲ್ಲಿ ಅಪಾಯ ಇನ್ನೂ ಹೆಚ್ಚು. ವಾಲ್ವ್ ಬಳಸುವ ಟ್ರಾನ್ಸ್‌ಮಿಟರಿನ ಒಳಗೆ ಸಾವಿರಾರು ವೋಲ್ಟ್ ಇರುತ್ತದೆ. ಪ್ಲಗ್ ತೆಗೆದು ವಾರ ಕಳೆದರೂ ದೊಡ್ಡ ಕೆಪಾಸಿಟರುಗಳಲ್ಲಿ ವಿದ್ಯುತ್ ಉಳಿದಿರಬಹುದು. ಒಮ್ಮೆ ಖಾಲಿ ಮಾಡಿದರೂ ಸ್ವಲ್ಪ ಹೊತ್ತಿನಲ್ಲಿ ಅದು ತಾನಾಗಿ ಮರಳಿ ಸೇರಿಕೊಳ್ಳುತ್ತದೆ, ಹೊಸಬರಿಗೆ ಇದು ಗೊತ್ತಿರುವುದಿಲ್ಲ. ಆದ್ದರಿಂದ ಭೂಮಿಗೆ ಜೋಡಿಸಿದ ಕೊಕ್ಕೆಯ ಕೋಲಿನಿಂದ ಪ್ರತಿಯೊಂದು ಕೆಪಾಸಿಟರನ್ನೂ ಖಾಲಿ ಮಾಡಿ, ಎರಡು ತುದಿಗಳನ್ನೂ ತಾಮ್ರದ ತಂತಿಯಿಂದ ಬಿಗಿದು, ಆ ತಂತಿ ಇರುವ ಹಾಗೆಯೇ ಸಾಗಿಸಬೇಕು.

ಬಂದರಿನ ಹತ್ತಿರದ ಒಂದು ಗುಜರಿ ಅಂಗಳದಲ್ಲಿ ಕಂಡದ್ದನ್ನು ಇಲ್ಲಿ ಹೇಳಬೇಕು. ಹದಿನೆಂಟು ಇಪ್ಪತ್ತರ ಹುಡುಗನೊಬ್ಬ ಕುಕ್ಕರಗಾಲಿನಲ್ಲಿ ಕುಳಿತು, ಟ್ರಾನ್ಸ್‌ಮಿಟರಿನಿಂದ ಕಿತ್ತ ವಾಲ್ವ್ ಒಂದನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಜಜ್ಜುತ್ತಿದ್ದ. ತಾಮ್ರದ ರೆಕ್ಕೆಗಳು ಅವನಿಗೆ ಬೇಕಾಗಿದ್ದವು, ನಡುವಿನ ಬಿಳಿಯ ಪಿಂಗಾಣಿ ಬಳೆ ಅಡ್ಡಿಯಾಗಿತ್ತು. ಪ್ರತಿ ಪೆಟ್ಟಿಗೂ ಬಿಳಿ ಪುಡಿ ಎದ್ದು ಅವನ ಮುಂಗೈ ರೋಮದ ಮೇಲೆ ಕೂರುತ್ತಿತ್ತು, ಅವನು ಬಾಯಿಂದ ಊದಿ ಅದನ್ನು ಹಾರಿಸುತ್ತಿದ್ದ. ನಾನು ಓಡಿಹೋಗಿ ಸುತ್ತಿಗೆ ಹಿಡಿದುಕೊಂಡಾಗ ಅವನಿಗೆ ಸಿಟ್ಟೇ ಬಂತು. ಅಂಥ ಪಿಂಗಾಣಿ ಕೆಲವೊಮ್ಮೆ ಬೆರಿಲಿಯಂ ಆಕ್ಸೈಡಿನದಾಗಿರುತ್ತದೆ. ಗಟ್ಟಿಯಾಗಿರುವವರೆಗೆ ಅದರಿಂದ ತೊಂದರೆಯಿಲ್ಲ, ಪುಡಿಯಾಗಿ ಉಸಿರಿನಲ್ಲಿ ಸೇರಿದರೆ ಶ್ವಾಸಕೋಶದ ವಾಸಿಯಾಗದ ಕಾಯಿಲೆ ವರ್ಷಗಳ ನಂತರವೂ ಕಾಣಿಸಿಕೊಳ್ಳಬಹುದು. ಬೆರಿಲಿಯಂ ಪಿಂಗಾಣಿಯನ್ನೂ ಸಾಧಾರಣ ಅಲ್ಯೂಮಿನಾ ಪಿಂಗಾಣಿಯನ್ನೂ ಕಣ್ಣಿನಿಂದ ನೋಡಿ ಬೇರ್ಪಡಿಸಲಾಗದು. ಹೀಗಾಗಿ ಟ್ರಾನ್ಸ್‌ಮಿಟರಿನ ಯಾವ ಬಿಳಿ ಪಿಂಗಾಣಿಯನ್ನೂ ಒಡೆಯದೆ, ಕೊರೆಯದೆ, ಉಜ್ಜದೆ, ಇಡಿಯಾಗಿ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ, ಹೊರಗೆ ಕನ್ನಡದಲ್ಲಿ ಎಚ್ಚರಿಕೆ ಬರೆದು ಕೊಡಬೇಕು. ಎಕ್ಸೈಟರಿನ ಒಳಗಿರುವ, ನಾಲ್ಕಾಣೆ ಗಾತ್ರದ ಶಕ್ತಿ ಟ್ರಾನ್ಸಿಸ್ಟರುಗಳ ಟೋಪಿಯ ಅಡಿಯಲ್ಲೂ ಇದೇ ವಸ್ತು ಇರಬಹುದು.

ಹಳೆಯ ಟ್ರಾನ್ಸ್‌ಫಾರ್ಮರ್ ಮತ್ತು ಎಣ್ಣೆ ತುಂಬಿದ ಕೆಪಾಸಿಟರುಗಳಲ್ಲಿ ಪಿಸಿಬಿ ಎಂಬ ವಿಷಕಾರಿ ಎಣ್ಣೆಯಿರುವ ಸಾಧ್ಯತೆಯಿದೆ. ಇದನ್ನು ನಿಯಂತ್ರಿಸುವ 2016ರ ಕೇಂದ್ರ ಆದೇಶದ ಪ್ರಕಾರ 2025ರ ಡಿಸೆಂಬರ್ 31ರ ನಂತರ ಅದರ ಬಳಕೆಗೆ ಎಡೆಯಿಲ್ಲ. ಎಣ್ಣೆಯನ್ನು ಚರಂಡಿಗೆ ಬಿಡುವುದಾಗಲಿ, ತೋಟದ ಪಂಪಿನ ಟ್ರಾನ್ಸ್‌ಫಾರ್ಮರಿಗೆ ಸುರಿಯುವುದಾಗಲಿ, ಮರದ ಕಂಬಕ್ಕೆ ಗೆದ್ದಲು ಬಾರದಂತೆ ಬಳಿಯುವುದಾಗಲಿ ಕೂಡದು. ಕೊನೆಯದನ್ನು ಕಲ್ಪಿಸಿ ಬರೆದದ್ದಲ್ಲ, ನಮ್ಮ ಊರುಗಳಲ್ಲಿ ಹಳೆಯ ಎಣ್ಣೆಗೆ ಜನ ಮೊದಲು ಯೋಚಿಸುವ ಉಪಯೋಗವೇ ಅದು. ಸೋರುತ್ತಿರುವ ಪಾತ್ರೆಯನ್ನು ಅಗಲವಾದ ಟ್ರೇಯಲ್ಲಿಟ್ಟು, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಜಿಲ್ಲಾ ಕಚೇರಿಗೆ ತಿಳಿಸಿ ಅವರು ಹೇಳಿದಂತೆ ಮಾಡಿ. ಗಾಜಿನೊಳಗೆ ಪಾದರಸ ಹೊಳೆಯುವ ಹಳೆಯ ರೆಕ್ಟಿಫೈಯರ್ ವಾಲ್ವುಗಳಿಗೂ ಇದೇ ಕ್ರಮ.

ನಾಲ್ಕನೆಯ ಹೆಜ್ಜೆ: ಮಾರಬಹುದೇ ಎಂದು ನಿರ್ಧರಿಸುವುದು

ಉಪಕರಣ ನಡೆಯುವ ಸ್ಥಿತಿಯಲ್ಲಿದ್ದು, ಅದನ್ನು ಹೊಂದಲು ಅರ್ಹನಾದ ಖರೀದಿದಾರ ಸಿಕ್ಕಿದರೆ ಮಾರಬಹುದು. ಅರ್ಹತೆಯನ್ನು ಬಾಯಿಮಾತಿನಲ್ಲಿ ಒಪ್ಪಿಕೊಳ್ಳದೆ ಪರವಾನಗಿಯ ಪ್ರತಿಯನ್ನು ಕೇಳಿ ಪಡೆಯಬೇಕು. ಹ್ಯಾಮ್ ಸೆಟ್ಟನ್ನು ಹ್ಯಾಮ್ ಪರವಾನಗಿ ಇರುವವರಿಗೆ, ಎಫ್‌ಎಂ ಟ್ರಾನ್ಸ್‌ಮಿಟರನ್ನು ಪ್ರಸಾರದ ಅನುಮತಿಯುಳ್ಳ ಸಂಸ್ಥೆಗೆ ಇಲ್ಲವೇ ಡಿಪಿಎಲ್ ಹೊಂದಿದ ಡೀಲರಿಗೆ ಮಾತ್ರ ಕೊಡಬೇಕು. ಖರೀದಿದಾರ ತಲಪಾಡಿಯ ಆಚೆಯ ಕಾಸರಗೋಡಿನವನಾದರೂ ಇದೇ ನಿಯಮ, ಏಕೆಂದರೆ ಇದು ಕೇಂದ್ರದ ಕಾನೂನು. ಗಡಿಯ ತಪಾಸಣೆಯಲ್ಲಿ ಕಾರಿನ ಡಿಕ್ಕಿಯಿಂದ ವಯರ್‌ಲೆಸ್ ಸೆಟ್ಟು ಹೊರಬಂದಾಗ ಉತ್ತರ ಕೊಡಬೇಕಾದವನು ಅವನು, ಆದರೆ ಹುಡುಕಿಕೊಂಡು ಬರುವುದು ನಿಮ್ಮ ಮನೆಗೆ.

ನಮ್ಮ ಜಿಲ್ಲೆಗಳಲ್ಲಿ ಅತಿ ಹೆಚ್ಚು ಕೈಬದಲಾಗುವುದು ವಯರ್‌ಲೆಸ್ ಮೈಕ್. ಇದರ ಬಗ್ಗೆ ಮೈಕ್‌ನವರು ತಿಳಿದಿರಬೇಕಾದ ಒಂದು ಮುಖ್ಯ ಸಂಗತಿಯಿದೆ. 700 ಮೆಗಾಹರ್ಟ್ಸ್ ಪಟ್ಟಿ, ನಿರ್ದಿಷ್ಟವಾಗಿ 703ರಿಂದ 748 ಮತ್ತು 758ರಿಂದ 803ರ ನಡುವಿನ ಆವರ್ತನಗಳು, ಮೊಬೈಲ್ ಸೇವೆಗೆ ಮೀಸಲಾಗಿ, 2022ರ ಹರಾಜಿನಲ್ಲಿ ಅವುಗಳ ಒಂದು ಪಾಲು ಮೊದಲ ಬಾರಿಗೆ ಮಾರಾಟವಾಯಿತು. ಅದೇ ವರ್ಷದ ಅಕ್ಟೋಬರ್ 1ರಂದು 5ಜಿ ಸೇವೆ ಆರಂಭವಾಯಿತು. ಹಳೆಯ ಯುಎಚ್‌ಎಫ್ ಮೈಕುಗಳಲ್ಲಿ ಅನೇಕವು ಇದೇ ಪಟ್ಟಿಯಲ್ಲಿ ನಡೆಯುವಂಥವು. ಊರಿನ ಕೋಲದಲ್ಲಿ ಮಧ್ಯಸ್ಥರು ನುಡಿ ಹೇಳುವ ಹೊತ್ತಿಗೆ ಸ್ಪೀಕರಿನಲ್ಲಿ ಕರಕರ ಸದ್ದು ಬಂದರೆ ಸಾಮಾನ್ಯವಾಗಿ ಬೈಗುಳ ತಿನ್ನುವವನು ಮೈಕ್‌ನ ಹುಡುಗ, ಆದರೆ ಕಾರಣ ಹತ್ತಿರದ ಮೊಬೈಲ್ ಟವರ್ ಇದ್ದೀತು. ತೊಂದರೆ ಎರಡೂ ಕಡೆಯದು, ಮೈಕಿನ ಅಲೆ ಟವರಿಗೂ ಅಡ್ಡಿ ಮಾಡುತ್ತದೆ. ಮೈಕಿನ ಬ್ಯಾಟರಿ ಮುಚ್ಚಳ ತೆಗೆದರೆ ಒಳಗೆ ಆವರ್ತನ ಬರೆದಿರುತ್ತದೆ. ಅದು ಮೇಲಿನ ಪಟ್ಟಿಯೊಳಗೆ ಬಂದರೆ ಆ ಮೈಕನ್ನು ಇನ್ನೊಬ್ಬರಿಗೆ ದಾಟಿಸದೆ ಇ-ತ್ಯಾಜ್ಯಕ್ಕೆ ಹಾಕುವುದೇ ನ್ಯಾಯ. ಅರ್ಧ ಬೆಲೆಗೆ ಸಿಗುತ್ತದೆಂದು ದೇವಸ್ಥಾನಕ್ಕೋ ಭಜನಾ ಮಂದಿರಕ್ಕೋ ಅದನ್ನು ಕೊಡಿಸುವುದು ಸಹಾಯವಾಗದು. 2.4 ಗಿಗಾಹರ್ಟ್ಸ್‌ನಲ್ಲಿ ನಡೆಯುವ ಮೈಕುಗಳಿಗೆ, ನಿಗದಿತ ಶಕ್ತಿಯ ಮಿತಿಯೊಳಗೆ, ಪ್ರತ್ಯೇಕ ಪರವಾನಗಿ ಬೇಕಾಗಿಲ್ಲ.

ವಾಕಿ-ಟಾಕಿಯಲ್ಲೂ ಇಂಥದೇ ವ್ಯತ್ಯಾಸವಿದೆ. 446.0ರಿಂದ 446.2 ಮೆಗಾಹರ್ಟ್ಸ್ ನಡುವೆ ಕಡಿಮೆ ಶಕ್ತಿಯಲ್ಲಿ ನಡೆಯುವ ಸೆಟ್ಟುಗಳಿಗೆ ಪರವಾನಗಿಯ ವಿನಾಯಿತಿಯಿದ್ದರೂ ಅವು ಇಟಿಎ ಎಂಬ ಮಾದರಿ ಅನುಮೋದನೆ ಪಡೆದಿರಬೇಕು. ಗುಂಡಿ ಒತ್ತಿ ಎಲ್ಲೆಂದರಲ್ಲಿಗೆ ಆವರ್ತನ ಬದಲಿಸಬಹುದಾದ ಅಗ್ಗದ ಸೆಟ್ಟುಗಳಿಗೆ ಈ ವಿನಾಯಿತಿ ಇಲ್ಲ. ಇವುಗಳನ್ನು ಆನ್‌ಲೈನಿನಲ್ಲಿ ಮಾರಾಟಕ್ಕಿಡುವವರ ಮೇಲೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರ ಮೇ ತಿಂಗಳಲ್ಲಿ ಮಾರ್ಗಸೂಚಿ ಹೊರಡಿಸಿದ್ದು, ಆವರ್ತನ, ಪರವಾನಗಿಯ ಅಗತ್ಯ, ಇಟಿಎ ವಿವರಗಳಿಲ್ಲದ ಜಾಹೀರಾತಿಗೆ ಅವಕಾಶವಿಲ್ಲ. ಹಳೆಯ ಸಾಮಾನು ಮಾರುವ ಆ್ಯಪಿನಲ್ಲಿ ಫೋಟೊ ಹಾಕಿ, ಚೆನ್ನಾಗಿ ನಡೆಯುತ್ತದೆ, ಬೇಕಾದವರು ಫೋನ್ ಮಾಡಿ ಎಂದು ಬರೆಯುವ ಮುನ್ನ ಇದನ್ನು ಯೋಚಿಸಬೇಕು.

ಮಲ್ಪೆ ಮತ್ತು ಮಂಗಳೂರಿನ ಬೋಟಿನವರಿಗೆ ಪ್ರತ್ಯೇಕವಾಗಿ ಹೇಳುವುದೇನೆಂದರೆ, ವಿಎಚ್‌ಎಫ್ ಸೆಟ್ಟಿನ ಪರವಾನಗಿ ಬೋಟಿನ ಹೆಸರಿಗೆ ಕಟ್ಟಿಕೊಂಡಿರುತ್ತದೆ. ಬೋಟು ಮಾರಿದಾಗ ಸೆಟ್ಟನ್ನು ಲೆಕ್ಕಕ್ಕೆ ಬರೆಯದೆ ಬಿಟ್ಟುಕೊಡುವ ವಾಡಿಕೆ ತಪ್ಪು. ಚಾನೆಲ್ 16, ಅಂದರೆ 156.8 ಮೆಗಾಹರ್ಟ್ಸ್, ಆಪತ್ತಿನ ಕರೆಗೆ ಮೀಸಲು. ಬ್ಯಾಟರಿಗೆ ಜೋಡಿಸಿ ಮಕ್ಕಳ ಕೈಗೆ ಸಿಕ್ಕಿದ ಹಳೆಯ ಸೆಟ್ಟು ಆ ಚಾನೆಲನ್ನು ತುಂಬಿಬಿಟ್ಟರೆ ಕಡಲಿನಲ್ಲಿ ನಿಜವಾಗಿ ಕೂಗುವವನ ದನಿ ಕೇಳಿಸದು. 406 ಮೆಗಾಹರ್ಟ್ಸ್‌ನ ಆಪತ್ಸೂಚಕ ಇನ್ನೂ ಸೂಕ್ಷ್ಮ. ನೀರು ತಾಗಿದರೆ ತಾನಾಗಿ ಚಾಲೂ ಆಗುವ ಮಾದರಿಗಳಿವೆ. ಗುಜರಿ ರಾಶಿಯ ಮೇಲೆ ಆಟಿಯ ಮಳೆ ಸುರಿದು ಅದು ಕೂಗತೊಡಗಿದರೆ ಉಪಗ್ರಹದ ಮೂಲಕ ಬೆಂಗಳೂರಿನ ಇಸ್ರೋ ಕೇಂದ್ರಕ್ಕೆ ಸುದ್ದಿ ಹೋಗಿ, ಇಲ್ಲದ ಬೋಟನ್ನು ಹುಡುಕಲು ರಕ್ಷಣಾ ಪಡೆ ಹೊರಡಬೇಕಾದೀತು. ಅದರ ನೋಂದಣಿ ರದ್ದುಪಡಿಸಿ, ಬ್ಯಾಟರಿ ತೆಗೆಸಿದ ನಂತರವೇ ಬೋಟಿನಿಂದ ಇಳಿಸಬೇಕು. ಬೋಟಿನ ಪೆಟ್ಟಿಗೆಯಲ್ಲಿ ಉಪಗ್ರಹ ಫೋನ್ ಸಿಕ್ಕಿದರೆ ಮಾರುವ ಯೋಚನೆಯನ್ನೇ ಮಾಡದೆ, ಸ್ವಿಚ್ ಹಾಕದೆ, ಮಲ್ಪೆಯಲ್ಲಿ ಪ್ರಧಾನ ಕಚೇರಿಯಿರುವ ಕರಾವಳಿ ಕಾವಲು ಪೊಲೀಸರಿಗೆ ಒಪ್ಪಿಸಿ ಸ್ವೀಕೃತಿ ಪಡೆಯಿರಿ.

ಕಾಲೇಜಿಗೆ ದಾನ ಕೊಡುವುದೂ ಒಂದು ದಾರಿ. ಎಂಜಿನಿಯರಿಂಗ್ ಓದುವವರಿಗೆ ನಿಜವಾದ ಟ್ರಾನ್ಸ್‌ಮಿಟರಿನ ಹೊಟ್ಟೆ ನೋಡುವ ಅವಕಾಶ ಈಗ ಅಪರೂಪ. ಆದರೆ ಚಾಲೂ ಸ್ಥಿತಿಯ ಯಂತ್ರ ಪಡೆಯುವ ಕಾಲೇಜಿಗೂ ಪರವಾನಗಿ ಬೇಕಾಗುವುದರಿಂದ, ಮುಂದೆ ಹೇಳುವಂತೆ ನಿಷ್ಕ್ರಿಯಗೊಳಿಸಿ ಪ್ರದರ್ಶನದ ವಸ್ತುವಾಗಿ ಕೊಡುವುದು ಇಬ್ಬರಿಗೂ ನಿರಾಳ.

ಐದನೆಯ ಹೆಜ್ಜೆ: ಸರಕಾರಿ ಸಂಸ್ಥೆಯಾದರೆ

ಆಕಾಶವಾಣಿ ಮಂಗಳೂರು ಕೇಂದ್ರ 1976ರ ಡಿಸೆಂಬರಿನಲ್ಲಿ ಆರಂಭವಾದಾಗ ಸ್ಟುಡಿಯೊ ಕದ್ರಿಯಲ್ಲಿದ್ದರೂ, 1089 ಕಿಲೋಹರ್ಟ್ಸ್‌ನ ಮಧ್ಯಮ ತರಂಗದ ಟ್ರಾನ್ಸ್‌ಮಿಟರ್ ಬ್ರಹ್ಮಾವರದಲ್ಲಿತ್ತು. ದೂರದರ್ಶನವು ದೇಶದಾದ್ಯಂತ ತನ್ನ ಅನಲಾಗ್ ಭೂಪ್ರಸಾರದ ಟ್ರಾನ್ಸ್‌ಮಿಟರುಗಳಲ್ಲಿ ಆಯಕಟ್ಟಿನ ಸ್ಥಳಗಳ ಐವತ್ತರಷ್ಟನ್ನು ಬಿಟ್ಟು ಉಳಿದವನ್ನು 2022ರ ಮಾರ್ಚ್ ಅಂತ್ಯದ ಹೊತ್ತಿಗೆ ನಿಲ್ಲಿಸಿತು. ಇಷ್ಟು ದೊಡ್ಡ ಯಂತ್ರಗಳು ಯಾರದೋ ಮನಸ್ಸಿಗೆ ಬಂದಂತೆ ಹೊರಬೀಳುವುದಿಲ್ಲ. ಕೇಂದ್ರ ಸರಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳ 217ನೆಯ ನಿಯಮದಿಂದ ಮುಂದಿನ ಭಾಗ ಇದಕ್ಕಾಗಿಯೇ ಇದೆ. ವಸ್ತು ಏಕೆ ಬೇಡವಾಯಿತು ಎಂಬ ಕಾರಣವನ್ನು ಬರೆದಿಡಬೇಕು, ಲೆಕ್ಕಪುಸ್ತಕದಲ್ಲಿರುವ ಬೆಲೆ ಮತ್ತು ಕನಿಷ್ಠ ಬೆಲೆ ನಿಗದಿಯಾಗಬೇಕು, ಉಳಿಕೆ ಬೆಲೆ 2 ಲಕ್ಷ ರೂಪಾಯಿ ಮೀರಿದರೆ ಜಾಹೀರಾತಿನ ಟೆಂಡರು ಇಲ್ಲವೇ ಬಹಿರಂಗ ಹರಾಜು ನಡೆಯಬೇಕು. ಸಾಮಾನ್ಯವಾಗಿ ಕೇಂದ್ರ ಸರಕಾರದ ಸಂಸ್ಥೆಯಾದ ಎಂಎಸ್‌ಟಿಸಿಯ ಇ-ಹರಾಜಿನ ಮೂಲಕ ಇದು ನಡೆಯುತ್ತದೆ.

ಅನುದಾನಿತ ಕಾಲೇಜುಗಳು, ಸಹಕಾರಿ ಸಂಘಗಳು ಈ ಕ್ರಮವನ್ನೇ ಚಿಕ್ಕ ಪ್ರಮಾಣದಲ್ಲಿ ಅನುಸರಿಸಿದರೆ ಲೆಕ್ಕಪರಿಶೋಧಕರ ಮುಂದೆ ತಲೆ ತಗ್ಗಿಸಬೇಕಾಗಿಲ್ಲ. ಟೆಂಡರಿನಲ್ಲಿ ನನ್ನ ಅನುಭವದಿಂದ ಸೇರಿಸಲೇಬೇಕಾದ ಷರತ್ತುಗಳು ಎರಡು. ಟ್ರಾನ್ಸ್‌ಮಿಟರನ್ನು ನಿಷ್ಕ್ರಿಯಗೊಳಿಸಿದ ಮೇಲೆ ಮಾತ್ರ ಹಸ್ತಾಂತರ ಎಂಬುದು ಒಂದು. ಇ-ತ್ಯಾಜ್ಯಕ್ಕೆ ಸೇರುವ ಭಾಗಗಳ ಮಟ್ಟಿಗೆ ನೋಂದಾಯಿತ ಮರುಬಳಕೆದಾರರು ಮಾತ್ರ ಬಿಡ್ ಸಲ್ಲಿಸಬಹುದು ಎಂಬುದು ಇನ್ನೊಂದು. ಎರಡನೆಯದನ್ನು ಹಾಕಿದರೆ ಬೆಲೆ ಇಳಿಯುತ್ತದೆ ಎಂದು ಆಡಳಿತ ಮಂಡಳಿಯಲ್ಲಿ ಯಾರಾದರೂ ಆಕ್ಷೇಪಿಸುತ್ತಾರೆ. ಇಳಿಯುವುದು ನಿಜ.

ಆರನೆಯ ಹೆಜ್ಜೆ: ಗುಜರಿಗೆ ಏನು, ಮರುಬಳಕೆದಾರರಿಗೆ ಏನು

2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಮೊದಲು 21 ಬಗೆಯ ಉಪಕರಣಗಳಿಗಷ್ಟೇ ಅನ್ವಯಿಸುತ್ತಿದ್ದ ನಿಯಮ ಈಗ 106 ಬಗೆಗಳಿಗೆ ವಿಸ್ತರಿಸಿದೆ. ಒಂದು ಆರ್ಥಿಕ ವರ್ಷದ ಯಾವುದೇ ಹೊತ್ತಿನಲ್ಲಿ ಪಟ್ಟಿಯಲ್ಲಿರುವ ಸಾವಿರ ಉಪಕರಣಗಳನ್ನಾದರೂ ಬಳಸಿದ ಸಂಸ್ಥೆಯನ್ನು ದೊಡ್ಡ ಬಳಕೆದಾರ ಎಂದು ಕರೆದು, ಅದು ತನ್ನ ತ್ಯಾಜ್ಯವನ್ನು ನೋಂದಾಯಿತರಿಗೇ ಕೊಡಬೇಕೆಂದು ವಿಧಿಸಲಾಗಿದೆ. ಕಂಪ್ಯೂಟರು, ಪ್ರಿಂಟರು, ಫೋನುಗಳನ್ನೆಲ್ಲ ಎಣಿಸಿದರೆ ನಮ್ಮ ದೊಡ್ಡ ಕಾಲೇಜುಗಳು ಈ ಸಾಲಿಗೆ ಸುಲಭವಾಗಿ ಬರುತ್ತವೆ. ನೋಂದಾಯಿತರ ಪಟ್ಟಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲಿನಲ್ಲಿ ಸಿಗುತ್ತದೆ. ಬಂದವರು ತೋರಿಸುವ ಪ್ರಮಾಣಪತ್ರದ ಹೆಸರನ್ನು ಅಲ್ಲಿ ತಾಳೆ ನೋಡಬೇಕು.

ಗುಜರಿ ಅಂಗಡಿಯವರನ್ನು ದೂರುವುದು ನನ್ನ ಉದ್ದೇಶವಲ್ಲ. ಈ ಊರಿನ ಅರ್ಧ ಲೋಹವನ್ನು ಮರಳಿ ಬಳಕೆಗೆ ತರುವವರು ಅವರೇ. ಖಾಲಿ ಕಬ್ಬಿಣದ ಕಪಾಟು, ಕಳಚಿದ ಟವರಿನ ಕೋನಪಟ್ಟಿ, ಅಲ್ಯೂಮಿನಿಯಂ ಡಿಶ್ ಧಾರಾಳವಾಗಿ ಅವರಿಗೆ ಹೋಗಲಿ. ಸರ್ಕಿಟ್ ಬೋರ್ಡು, ವಾಲ್ವು, ಕೆಪಾಸಿಟರ್, ಟ್ರಾನ್ಸ್‌ಫಾರ್ಮರ್ ಹೋಗಬಾರದು. ತಾಮ್ರದ ದಪ್ಪ ಕೇಬಲನ್ನು ಬೆಂಕಿ ಹಾಕಿ ಸುಟ್ಟು ಬಿಡಿಸುವ ಪದ್ಧತಿಗೆ ನಿಮ್ಮ ಅಂಗಳದಲ್ಲಿ ಅವಕಾಶ ಕೊಡಬೇಡಿ. ಯುಪಿಎಸ್‌ನ ಬ್ಯಾಟರಿಗಳಿಗೆ 2022ರ ಬ್ಯಾಟರಿ ತ್ಯಾಜ್ಯ ನಿಯಮ ಬೇರೆಯೇ ಇದೆ, ಹೊಸದನ್ನು ಕೊಳ್ಳುವ ಅಂಗಡಿಗೇ ಹಿಂದಿರುಗಿಸಿ ರಸೀದಿ ಪಡೆಯುವುದು ಸುಲಭ. ಕಾರ್ಯಕ್ರಮ ನಡೆಸುತ್ತಿದ್ದ ಕಂಪ್ಯೂಟರಿನ ಹಾರ್ಡ್ ಡಿಸ್ಕಿನಲ್ಲಿ ಕೇಳುಗರ ಫೋನ್ ನಂಬರುಗಳಿರುತ್ತವೆ, ಅದನ್ನು ತೆಗೆದು ಕೊರೆದು ಹಾಳುಮಾಡಿ. ಟವರ್ ಇಳಿಸಿದ ನಂತರ, ಅದಕ್ಕೆ ಎತ್ತರದ ಅನುಮತಿ ಕೊಟ್ಟವರಿಗೆ ಪತ್ರ ಬರೆಯಬೇಕು. ಬಜ್ಪೆಯ ವಿಮಾನ ನಿಲ್ದಾಣದ ಸುತ್ತಲಿನವರು ಇದನ್ನು ಮರೆಯಬಾರದು.

ಕೊನೆಯ ಹೆಜ್ಜೆ: ನಿಷ್ಕ್ರಿಯಗೊಳಿಸಿ, ಬರೆದು, ಕಳುಹಿಸುವುದು

ಅರ್ಹ ಖರೀದಿದಾರನಿಗೆ ಹೋಗದ ಪ್ರತಿಯೊಂದು ಟ್ರಾನ್ಸ್‌ಮಿಟರನ್ನೂ ಮರಳಿ ಜೋಡಿಸಲಾಗದಂತೆ ಮಾಡಬೇಕು. ಆವರ್ತನ ಹುಟ್ಟಿಸುವ ಬೋರ್ಡನ್ನು ಎಕ್ಸೈಟರಿನಿಂದ ಹೊರತೆಗೆದು ಎರಡು ತುಂಡು ಮಾಡಿದರೆ ಸಾಕು, ಯಂತ್ರ ಮೂಕವಾಗುತ್ತದೆ. ಬಿಳಿ ಪಿಂಗಾಣಿಯ ಭಾಗಗಳ ಹತ್ತಿರ ಮಾತ್ರ ಕತ್ತರಿ ಹೋಗಬಾರದು. ವಾಕಿ-ಟಾಕಿಗಳಲ್ಲಿ ಮೊದಲು ನೆನಪಿನಲ್ಲಿರುವ ಚಾನೆಲುಗಳನ್ನು ಅಳಿಸಿ, ಆಮೇಲೆ ಬೋರ್ಡು ಮುರಿಯಿರಿ. ಇಬ್ಬರು ಸಾಕ್ಷಿಗಳ ಎದುರು ಮಾಡಿ, ಕ್ರಮಸಂಖ್ಯೆಯ ಫಲಕವೂ ತುಂಡಾದ ಬೋರ್ಡೂ ಒಂದೇ ಚೌಕಟ್ಟಿನಲ್ಲಿ ಕಾಣುವಂತೆ ಫೋಟೊ ತೆಗೆಯಿರಿ.

ಹಸ್ತಾಂತರದ ಪತ್ರದಲ್ಲಿ ಕೊಡುವವರ ಮತ್ತು ಪಡೆಯುವವರ ಹೆಸರು, ಇಬ್ಬರ ಪರವಾನಗಿ ಅಥವಾ ನೋಂದಣಿ ಸಂಖ್ಯೆ, ಮೊದಲ ಹೆಜ್ಜೆಯಲ್ಲಿ ಬರೆದ ಪಟ್ಟಿಯ ಎಲ್ಲ ವಿವರ, ಚಾಲೂ ಸ್ಥಿತಿಯೋ ನಿಷ್ಕ್ರಿಯವೋ ಎಂಬ ಸ್ಪಷ್ಟ ವಾಕ್ಯ, ದಿನಾಂಕ ಮತ್ತು ಸಹಿ ಇರಬೇಕು. ಹಳೆಯ ಸಾಮಾನುಗಳು ಒಂದು ಲೋಡ್ ಎಂದು ಬರೆದ ಬಿಲ್ಲಿಗೆ ಬೆಲೆಯಿಲ್ಲ. ಮರುಬಳಕೆದಾರರಿಂದ ಬರುವ ಪ್ರಮಾಣಪತ್ರವನ್ನೂ, ಪರವಾನಗಿ ಹಿಂದಿರುಗಿಸಿದ್ದಕ್ಕೆ ಬಂದ ಸ್ವೀಕೃತಿಯನ್ನೂ ಇದರ ಜೊತೆ ಒಂದೇ ಕಡತದಲ್ಲಿಡಿ. ಸ್ವೀಕೃತಿ ಕೈಸೇರುವ ತನಕ ಉಪಕರಣ ನಿಮ್ಮಲ್ಲೇ ಇರಲಿ, ಬೀಗ ಹಾಕಿದ, ಸೋರದ ಕೋಣೆಯಲ್ಲಿ, ನೆಲದಿಂದ ಒಂದು ಗೇಣು ಎತ್ತರದಲ್ಲಿ. ಲಾರಿ ಹೊರಡುವ ದಿನ ಆ ಹಸ್ತಾಂತರ ಪತ್ರದ ಒಂದು ಪ್ರತಿಯನ್ನು ಚಾಲಕನ ಕೈಗೆ ಕೊಟ್ಟು, ಸುರತ್ಕಲ್ಲಿನಲ್ಲೋ ಹೆಜಮಾಡಿಯಲ್ಲೋ ಯಾರಾದರೂ ತಡೆದು ಕೇಳಿದರೆ ಇದನ್ನೇ ತೋರಿಸು ಎಂದು ಹೇಳಿ ಕಳುಹಿಸಿ.